ರೆಕ್ಕೆಯ ಆಚೆ ಬದಿ

ಮ್ಯೂನಿಕ್
೧೪ ಮೇ ೨೦೨೫, ಬುಧವಾರ

ಚಿ. ಸೌ. ಪುಟ್ಟಲಕ್ಷ್ಮಿಗೆ,

ನಿನ್ನ ಗಂಡನ ಆಶೀರ್ವಾದ. ನಾನು ಚೆನ್ನಾಗಿದ್ದೀನಿ. ನೀನು ಚೆನ್ನಾಗಿಲ್ಲ ಅಂತ ನಿನ್ನ ಮಗಳು ನಿರುಪಮಾ ಹೇಳಿದಳು, ಅದಕ್ಕೇ ಬರೆಯುತ್ತಿದ್ದೀನಿ. ಇಲ್ಲದಿದ್ದರೆ ಬರೆಯುತ್ತಿರಲಿಲ್ಲ.

ಫೋನ್ ಮಾಡಬಹುದಿತ್ತಲ್ಲ ಅನ್ನಬೇಡ. ನಾನು ಫೋನ್ ಮಾಡೋ ಹೊತ್ತಿಗೆ ನೀನು ಪಕ್ಕದ ಮನೆಯ ಆ ಓಟ್ಮಾರನ ಕೊಟ್ಟಿಗೆಯಲ್ಲಿರುತ್ತೀಯ, ಕೈಯೆಲ್ಲ ಅಂಟು, ಅವನು ಫೋನ್ ಎತ್ತಿ ನಿನ್ನ ಕಿವಿಗೆ ಹಿಡಿಯುತ್ತಾನೆ. ನನ್ನ ಹೆಂಡತಿ ಜೊತೆ ಮಾತಾಡೋದಕ್ಕೆ ನನಗೆ ಅವನ ಕೈ ಬೇಕಾ? ಏಳನೇ ಕ್ಲಾಸಿಗೆ ಸ್ಕೂಲು ಬಿಟ್ಟವನ ಅಕ್ಷರ ಇದು, ಓದಿಕೋ. ತಪ್ಪಿದ್ದರೆ ತಿದ್ದಿಕೋ. ಮದುವೆಯಾದಾಗಿಂದ ತಿದ್ದುತ್ತಲೇ ಇದ್ದೀಯ, ಇದೇನು ಹೊಸದಲ್ಲ.

ನಾನು ಇಲ್ಲಿಗೆ ಬಂದದ್ದು ಮೊಮ್ಮಗಳು ಇಳಾ ಕರೆದಳು ಅಂತ. ಬೇರೆ ಏನೂ ಇಲ್ಲ. ಮಗುವಿಗೆ ತಾತ ಅನ್ನೋದೊಂದೇ ಕನ್ನಡ, ಮಿಕ್ಕಿದ್ದೆಲ್ಲ ಜರ್ಮನ್. ತಾತ, ನೀನು ಮನೆಗೆ ಯಾವಾಗ ಹೋಗ್ತೀಯ ಅಂತ ದಿನಾ ಕೇಳುತ್ತೆ. ಪ್ರೀತಿಗೆ ಕೇಳುತ್ತೋ ತನ್ನ ರೂಮು ಬಿಡಿಸಿಕೊಳ್ಳೋದಕ್ಕೆ ಕೇಳುತ್ತೋ ಗೊತ್ತಾಗಲ್ಲ. ಮ್ಯೂನಿಕ್‌ನಲ್ಲಿ ಬಿಡದೆ ಮಳೆ. ಸ್ಟೇಷನ್ನಿಂದ ಮನೆಗೆ ಬರೋಷ್ಟರಲ್ಲಿ ನೆನೆದು ತೊಪ್ಪೆಯಾದೆ, ನೆಗಡಿ ಹಿಡಿಯಿತು. ಕಂಕುಳಲ್ಲಿ ಕೊಡೆ ಇಟ್ಟುಕೊಂಡು ಯಾರಾದರೂ ನೆನೀತಾರಾ ಅಪ್ಪ ಅಂತ ನಿರುಪಮಾ ಬೈದಳು. ನನ್ನ ಕೊಡೆ, ಬಿಚ್ಚಲಿಲ್ಲ, ನನ್ನಿಷ್ಟ.

ನಿನ್ನೆ ಊಟಕ್ಕೆ ಕೂತಾಗ ಅವಳು ಎಲ್ಲ ಹೇಳಿದಳು. ವಿಮಾನದ ರೆಕ್ಕೆ ಹೊಲಿಯೋ ಆ ಮೊಳದುದ್ದದ ಸೂಜಿ ಕಳೆದುಹೋಗಿದೆಯಂತೆ. ಕೊಟ್ಟಿಗೆಯೆಲ್ಲ ಗುಡಿಸಿ, ಅಯಸ್ಕಾಂತ ಕೋಲಿಗೆ ಕಟ್ಟಿ ಹುಲ್ಲಿನಲ್ಲೆಲ್ಲ ಆಡಿಸಿದರೂ ಸಿಗಲಿಲ್ಲವಂತೆ. ವಿಮಾನ ಪರೀಕ್ಷೆ ಮಾಡೋ ಆ ಪ್ರೂಫರ್ ಬಂದು, ಸೂಜಿ ಎಲ್ಲಿದೆ ಅಂತ ಗೊತ್ತಾಗದೆ ಈ ರೆಕ್ಕೆಗೆ ನಾನು ಸಹಿ ಹಾಕಲ್ಲ, ಒಳಗೆ ಬಿದ್ದಿದ್ದರೆ ಹಾರುವಾಗ ಜಾರಿ ತಂತಿಗೆ ಸಿಕ್ಕಿಕೊಂಡೀತು, ಶನಿವಾರ ಬಟ್ಟೆ ಕೊಯ್ದು ನೋಡಬೇಕು ಅಂದನಂತೆ. ನೀನು ಅವನಿಗೆ, ಕಳೆದವಳು ನಾನೇ, ಕೊಯ್ಯೋದೂ ನಾನೇ ಕೊಯ್ಯುತ್ತೀನಿ ಅಂದೆಯಂತೆ.

ಅಷ್ಟಾಗಿದ್ದರೆ ನಾನು ಅನ್ನ ಕಲೆಸಿಕೊಂಡು ತಿಂತಿದ್ದೆ. ಆಮೇಲೆ ಅವಳು ಹೇಳಿದ್ದು ಕೇಳಿ ತಟ್ಟೆ ಸರಿಸಿದೆ. ನಮ್ಮಮ್ಮ ಕೊನೇ ಕಾಲದಲ್ಲಿ ಉಪ್ಪಿನ ಡಬ್ಬ ಸೀರೆ ಪೆಟ್ಟಿಗೆಯಲ್ಲಿಟ್ಟು ಹುಡುಕೋಳು, ನನಗೂ ಶುರುವಾಯ್ತೇನೋ ನಿರು, ಅಂತ ನೀನು ಫೋನಿನಲ್ಲಿ ಅವಳ ಹತ್ತಿರ ಅತ್ತುಬಿಟ್ಟೆಯಂತೆ. ಸೂಜಿಯನ್ನೇ ಮುಟ್ಟುತ್ತಿಲ್ಲವಂತೆ. ಒಗ್ಗರಣೆ ಇಟ್ಟು ಮರೆತೀನು ಅಂತ ಒಲೆ ಹಚ್ಚೋದಕ್ಕೂ ಹೆದರುತ್ತಿದ್ದೀಯಂತೆ. ನಿರುಪಮಾ ಮರೆವಿನ ಡಾಕ್ಟರ ಹತ್ತಿರ ಟೆರ್ಮಿನ್ ಹುಡುಕುತ್ತಿದ್ದಾಳೆ, ಯಾವ ದಿನ ಯಾವ ಹೊತ್ತು ಕೊಡುತ್ತಾರೋ ಅಂತ. ಈ ದೇಶದಲ್ಲಿ ಟೆರ್ಮಿನ್ ಸಿಗೋಷ್ಟರಲ್ಲಿ ಕಾಯಿಲೆ ತಾನೇ ಬಂದು ಕೂತಿರುತ್ತೆ.

ಲೇ, ನಿನಗೆ ಯಾವ ಮರೆವೂ ಇಲ್ಲ. ನಮ್ಮ ಮದುವೆ ಪಂಕ್ತಿಯಲ್ಲಿ ನಮ್ಮತ್ತಿಗೆ ನಿಮ್ಮಣ್ಣನಿಗೆ ಎರಡನೇ ಒಬ್ಬಟ್ಟು ಬಡಿಸಲಿಲ್ಲ ಅನ್ನೋದನ್ನು ಹೋದ ಯುಗಾದಿಗೂ ಹೇಳಿ ತೋರಿಸಿದವಳು ನೀನು. ಮೊನ್ನೆ ಮೊನ್ನೆವರೆಗೆ ಒಂದು ಗುಂಡುಸೂಜಿ ಕಳೆದವಳಲ್ಲ. ಕನ್ನಡ ಕೂಟದ ಹೆಂಗಸರಿಗೆ ರವಿಕೆ ಹೊಲಿದು ಮುಗಿಸಿ, ಸೂಜಿಯೆಲ್ಲ ದಿಂಡಿಗೆ ಚುಚ್ಚಿ, ಎಣಿಸಿ ಆಮೇಲೇ ಊಟಕ್ಕೆ ಏಳೋಳು. ನನ್ನ ಸಾರು ಆರಿ ತಣ್ಣಗಾದರೂ ಸರಿ, ಸೂಜಿ ಎಣಿಕೆ ಆಗಬೇಕು. ಅಂಥವಳಿಗೆ ಮರೆವೆಲ್ಲಿಂದ ಬರಬೇಕು.

ಎಲ್ಲಕ್ಕೂ ಕಾರಣ ಓಟ್ಮಾರ. ಅವನನ್ನು ಮನೆಗೆ ಕರೆತಂದವರು ಯಾರು ಅಂತ ನೀನು ಕೇಳೋ ಮುಂಚೆ ನಾನೇ ಹೇಳಿಬಿಡುತ್ತೀನಿ, ನಾನೇ. ಬೇಲಿ ಆಚೆ ಹಸು ಕಟ್ಟೋ ಜಾಗದಲ್ಲಿ ವಿಮಾನ ಕಟ್ಟಿಕೊಂಡಿದ್ದಾನಲ್ಲ, ಏನಪ್ಪಾ ಇದು ನೋಡೋಣ ಅಂತ ಹೋದೆ. ಬಟ್ಟೆಯೆಲ್ಲ ಕಿತ್ತು ಹಾಕಿ, ಮರದ ಪಟ್ಟಿ, ಕಬ್ಬಿಣದ ಕೊಳವೆ, ಕಾಗದ ಅಂಟಿಸದ ಗಾಳಿಪಟದ ಕಡ್ಡಿ ಹಾಗೆ ನಿಂತಿತ್ತು. ಇದಕ್ಕೆ ಹೊಸ ಬಟ್ಟೆ ಹೊದಿಸಿ ಹಾರಿಸುತ್ತೀನಿ ಅಂದ. ನಾನು ನಕ್ಕೆ. ಹೆಂಡತಿ ಹೋದಮೇಲೆ ಕೈ ನಡುಗುತ್ತೆ, ಹೊಲಿಯೋರು ಯಾರಾದರೂ ಬೇಕು ಅಂತ ಕೈ ಚಾಚಿ ತೋರಿಸಿದ. ನನ್ನ ಬಾಯಿ ಸುಮ್ಮನಿರುತ್ತಾ? ನಮ್ಮವಳು ಹೊಲಿದರೆ ದಾರ ಎಲ್ಲಿ ಹೋಯ್ತು ಅಂತ ಹುಡುಕಬೇಕು ಅಂತ ಜಂಬ ಕೊಚ್ಚಿದೆ. ಕರೆದುಕೊಂಡು ಬಂದು ಉದ್ದಿನ ವಡೆ ಬೇರೆ ಹಾಕಿದೆ. ಮನೆಗೆ ಬಂದ ಮಾರಿಗೆ ನಾನೇ ಆರತಿ ಎತ್ತಿದೆ.

ಆಮೇಲೆ ನೋಡು. ನಾನು ಮೈಸೂರಿಂದ ಆ ವಿಜ್ಞಾನಿಗಳ ಮನೆಗೆ ಅಡುಗೆಯವನಾಗಿ ಬಂದು, ಕಾರ್ಲ್ಸ್‌ರುಹೆ ಯೂನಿವರ್ಸಿಟಿ ಕ್ಯಾಂಟೀನಿನಲ್ಲಿ ಆಲೂಗೆಡ್ಡೆ ಬೇಯಿಸಿ ಬೇಯಿಸಿ ರಿಟೈರಾದೆ. ಅಷ್ಟು ವರ್ಷವೂ ಜರ್ಮನ್ ಕಲಿಯೇ, ಅಂಗಡಿಗೆ ಒಬ್ಬಳೇ ಹೋಗಬಹುದು ಅಂತ ಬಡಕೊಂಡೆ. ನನಗೆ ನೀವಿದ್ದೀರಲ್ಲ ಅಂದೆ. ಅವನ ಕೊಟ್ಟಿಗೆಗೆ ಹೋಗಿ ಒಂದು ತಿಂಗಳಾಗಿರಲಿಲ್ಲ, ಒಲೆ ಮುಂದೆ ನಿಂತು ನನಗೇ ಲಾಂಗ್‌ಸಾಮ್ ಅಂದೆ. ನಾನು ಹುಳಿಯನ್ನು ನಿಧಾನವಾಗಿ ತಿರುವಬೇಕಂತೆ. ಅದನ್ನು ಜರ್ಮನ್‌ನಲ್ಲಿ ನನ್ನ ಹೆಂಡತಿ ನನಗೆ ಹೇಳಿಕೊಡಬೇಕು.

ಅವನು ನಿನ್ನನ್ನು ಲಕ್ಷ್ಮೀ ಅಂತಾನೆ. ನಾನು ಇಷ್ಟು ವರ್ಷದಲ್ಲಿ ಒಂದು ಸಲವೂ ನಿನ್ನ ಹೆಸರು ಹಿಡಿದು ಕೂಗಿಲ್ಲ, ಲೇ, ಇವಳೇ, ಕೇಳಿಸ್ತಾ, ಇಷ್ಟರಲ್ಲೇ ಸಂಸಾರ ಮಾಡಿದೆ. ಅವನು ಬಾಯ್ತುಂಬ ಲಕ್ಷ್ಮೀ ಅಂತಾನೆ, ನೀನು ಯಾ ಅಂತ ಓಗೊಡುತ್ತೀಯ. ನಾನು ಬೆಳಗ್ಗೆ ಎದ್ದು ಕಲೆಸಿದ ಚಿತ್ರಾನ್ನ ಡಬ್ಬಿಗೆ ತುಂಬಿಕೊಂಡು ಹೋಗಿ ಬಂದು, ಓಟ್ಮಾರ್‌ಗೆ ತುಂಬಾ ಹಿಡಿಸ್ತು ಕಣ್ರೀ ಅಂದೆ. ನಿನಗೆ ಹಿಡಿಸ್ತಾ ಇಲ್ವಾ ಅಂತ ಯಾವತ್ತಾದರೂ ಹೇಳಿದ್ದೀಯಾ? ಉಪ್ಪು ಜಾಸ್ತಿಯಾದ ದಿನ ಮಾತ್ರ ಬಾಯಿ ಬರುತ್ತೆ ನಿನಗೆ.

ಅವತ್ತು ಕೊಟ್ಟಿಗೆಯಲ್ಲಿ ಏನಾಯಿತು ಅಂತ ನಿರುಪಮಾಗೆ ನಾನು ಹೇಳಿಲ್ಲ. ನೀನೂ ಹೇಳಿಲ್ಲ ಅಂತ ಕಾಣುತ್ತೆ, ಹೇಳಿದ್ದರೆ ಅವಳು ಬಿಡುತ್ತಿರಲಿಲ್ಲ. ಬಟ್ಟೆ ಹೊದಿಸಿ, ಇಸ್ತ್ರಿ ಪೆಟ್ಟಿಗೆ ಆಡಿಸಿ, ಬೆರಳಲ್ಲಿ ತಟ್ಟಿದರೆ ತಮಟೆ ಹಾಗೆ ಸದ್ದು ಮಾಡೋಷ್ಟು ಬಿಗಿ ಮಾಡಿದ್ದಿರಿ. ರೆಕ್ಕೆಯನ್ನು ಬಾಗಿಲಿನ ಹಾಗೆ ನೆಟ್ಟಗೆ ನಿಲ್ಲಿಸಿ, ಈ ಬದಿ ನೀನು, ಆ ಬದಿ ನಾನು. ಮೊದಲು ನನ್ನನ್ನೇ ನಿಲ್ಲಿಸಿದೆ, ಒಪ್ಪುತ್ತೀನಿ. ನೀನು ಸೂಜಿ ಚುಚ್ಚಿದರೆ ಮೊನೆ ನನ್ನ ಕಡೆ ಬರುತ್ತೆ, ನಾನು ಎಳೆದು ಪಟ್ಟಿ ದಾಟಿಸಿ ಮತ್ತೆ ನಿನ್ನ ಕಡೆ ಕಳಿಸಬೇಕು. ಅದೇನು ಮಹಾ. ನಾನು ಜಗ್ಗಿದೆ. ದಾರ ಬಟ್ಟೆಯನ್ನು ಪರ್ ಅಂತ ಸೀಳಿತು. ಬೆರಳಗಲ, ಅಷ್ಟೇ. ಅದಕ್ಕೆ ನೀನು ಅವನ ಎದುರಿಗೆ, ನೀವು ಬಿಡಿ, ನಿಮ್ಮದು ಹಿಟ್ಟು ನಾದೋ ಕೈ, ನಿಮ್ಮ ಕೈಲಾಗಲ್ಲ ಅಂದೆ. ಅವನಿಗೆ ಕನ್ನಡ ಬರಲ್ಲ, ಆದರೂ ತಲೆ ಬಗ್ಗಿಸಿಕೊಂಡ. ಅರ್ಥವಾಯಿತು ಅಂತ ತಾನೇ ಅದರರ್ಥ? ನಡುಗೋ ಕೈಯವನನ್ನು ಕರೆದು ನನ್ನ ಜಾಗದಲ್ಲಿ ನಿಲ್ಲಿಸಿದೆ. ನನ್ನ ಕೈ ನಡುಗಲ್ಲ ಕಣೇ. ಕುದಿಯೋ ಎಣ್ಣೆ ಬಾಂಡ್ಲಿ ಎತ್ತಿದ ಕೈ ಇದು.

ಆಮೇಲೆ ಹೊಟ್ಟೆ ಉರಿಸಿಕೊಂಡು ಮನೆಗೆ ಬಂದೆ. ಕೂರೋದಕ್ಕಾಗಲಿಲ್ಲ. ಮಧ್ಯಾಹ್ನ ಊಟಕ್ಕೆ ಕರೆಯೋ ನೆಪ ಮಾಡಿಕೊಂಡು ಬಂದು ಕೊಟ್ಟಿಗೆ ಬಾಗಿಲಲ್ಲಿ ನಿಂತೆ. ನೀವಿಬ್ಬರೂ ನೋಡಲಿಲ್ಲ. ನೀನು ಅವನಿಗೆ ಕಾಣಲ್ಲ, ಅವನು ನಿನಗೆ ಕಾಣಲ್ಲ, ನಡುವೆ ಬಿಳೀ ಬಟ್ಟೆ. ಮಾತಿಲ್ಲ. ಸೂಜಿ ಹೋಗುತ್ತೆ, ಬರುತ್ತೆ. ಅವನ ಕೈ ನಡುಗಿ ಮೊನೆ ಜಾಗ ತಪ್ಪಿದರೆ ಬಟ್ಟೆ ಮೇಲೆ ಸಣ್ಣ ಗುಬುಟು ಏಳುತ್ತೆ, ನೀನು ಅಲ್ಲಿ ಬೆರಳಿಟ್ಟು ಮೆಲ್ಲಗೆ ತಟ್ಟುತ್ತೀಯ, ಇಲ್ಲಿ ಅಂತ. ಅವನು ಅಲ್ಲಿಗೇ ಚುಚ್ಚುತ್ತಾನೆ. ನಾನು ಕೂಗಿದರೆ ಮೂರನೇ ಕೂಗಿಗೆ ಹ್ಞೂಂ ಅನ್ನೋಳು ನೀನು. ಆ ಕಡೆಯಿಂದ ಮೊನೆ ತೋರಿದರೆ ಸಾಕು, ಕಾದಿದ್ದವಳ ಹಾಗೆ ಹಿಡಕೊಳ್ಳುತ್ತೀಯ. ನಾನು ನೋಡಿದ್ದು ಇಷ್ಟು. ಬೇರೆ ಏನೂ ನೋಡಲಿಲ್ಲ. ಬೇರೆ ಏನೋ ನೋಡಿದ್ದರೆ ಒಳ್ಳೇದಿತ್ತು, ಎರಡು ಏಟು ಹಾಕಿ ಮುಗಿಸಬಹುದಿತ್ತು. ಅವನು ಕೆಟ್ಟವನಾಗಿದ್ದರೆ ನನ್ನ ಕೆಲಸ ಸಲೀಸು. ಕೆಟ್ಟವನಲ್ಲ, ಅದೇ ನನ್ನ ಪೀಡೆ.

ವಿಮಾನ ಎದ್ದಮೇಲೆ ಹಿಂದಿನ ಸೀಟಿನಲ್ಲಿ ನಿನ್ನನ್ನು ಕೂರಿಸಿಕೊಂಡು ಹೋಗುತ್ತಾನಂತಲ್ಲ. ನಾನು ಆ ಬಟ್ಟೆ ಡಬ್ಬದಲ್ಲಿ ಕೂರಲ್ಲ ಅಂತ ನೀನು ಯಾಕೆ ಹೇಳಲಿಲ್ಲ? ನಂಜನಗೂಡಿನ ಬಸ್ಸಿನಲ್ಲಿ ನಿನಗೆ ಕಿಟಕಿ ಸೀಟು ಬಿಟ್ಟುಕೊಟ್ಟಿದ್ದೆನಾ ಇಲ್ಲವಾ, ನನಗೆ ನೆನಪಿಲ್ಲ. ನಿನಗಿರುತ್ತೆ. ಬಿಟ್ಟುಕೊಟ್ಟಿರಲ್ಲ.

ಮೂಲ ವಿಷಯಕ್ಕೆ ಬರುತ್ತೀನಿ. ಶನಿವಾರ ಬಟ್ಟೆ ಕೊಯ್ಯಬೇಡ. ಪ್ರೂಫರ್ ಬಂದರೆ ಕಾಫಿ ಕೊಟ್ಟು ಕೂರಿಸು. ಸೂಜಿ ರೆಕ್ಕೆಯೊಳಗಿಲ್ಲ. ಹೇಗೆ ಗೊತ್ತು ಅಂತ ಕೇಳಬೇಡ, ಇಲ್ಲ ಅಂದರೆ ಇಲ್ಲ. ನೀನು ಚಳಿಗಾಲವೆಲ್ಲ ಬೆರಳು ಬಿರಿಸಿಕೊಂಡು ಹೊದಿಸಿದ ಬಟ್ಟೆಯನ್ನು ನೀನೇ ಕೊಯ್ಯೋದು ನನಗೆ ಬೇಡ. ರಾತ್ರಿ ನಿನ್ನ ಬೆರಳಿಗೆ ತುಪ್ಪ ಹಚ್ಚಿದವನು ಯಾರು, ಓಟ್ಮಾರನಾ?

ಮತ್ತೆ, ಹೊಲಿಗೆ ನನಗೂ ಬರುತ್ತೆ. ನಮ್ಮಪ್ಪನ ಜೊತೆ ಮದುವೆ ಮನೆಗಳಿಗೆ ಹೋಗುತ್ತಿದ್ದಾಗ ಮುತ್ತುಗದ ಎಲೆ ಹಚ್ಚುತ್ತಿದ್ದವನು ನಾನೇ. ಕಡ್ಡಿ ಜೋರಾಗಿ ಚುಚ್ಚಿದರೆ ಎಲೆ ಸೀಳುತ್ತೆ, ಸಾರು ಸೋರುತ್ತೆ ಅಂತ ಅಪ್ಪ ಬೈದು ಬೈದು ಕೈ ಮೆತ್ತಗೆ ಮಾಡಿದ್ದ. ಇಷ್ಟು ವರ್ಷದಲ್ಲಿ ಮರೆತುಹೋಗಿತ್ತು. ಮರೆವು ಇರೋದು ನನಗೆ, ನಿನಗಲ್ಲ. ಒಂದು ದಿನ ಕೊಟ್ಟು ನೋಡು, ಆ ಬದಿ ನಿಂತರೆ ಕಲಿಯುತ್ತೀನಿ.

ಒಲೆ ಹಚ್ಚು. ಹೆದರಬೇಡ. ಮೊಸರಿಗೆ ಹೆಪ್ಪು ಹಾಕೋದು ಬಿಡಬೇಡ, ಅಂಗಡಿ ಮೊಸರು ನನಗಾಗಲ್ಲ.

ಇಂತಿ,
ಕೈ ನಡುಗದ ನಿನ್ನ ಗಂಡ,
ದ್ವಾರಕನಾಥ

ಶುಕ್ರವಾರ, ನಮ್ಮೂರು.

ಕೊನೇ ಮಾತು: ಲಕೋಟೆಗೆ ಸ್ಟಾಂಪಿಲ್ಲ, ನೋಡಿರುತ್ತೀಯ. ಎರಡು ದಿನ ಜೇಬಲ್ಲಿಟ್ಟುಕೊಂಡೆ, ಅಂಚೆ ಡಬ್ಬದ ತನಕ ಹೋಗಿ ವಾಪಸ್ ಬಂದೆ. ಮುಖ್ಯವಾದದ್ದನ್ನೇ ಬರೆದಿರಲಿಲ್ಲ. ಅವತ್ತು ಊಟಕ್ಕೆ ಕರೆಯೋಕೆ ಬಂದವನು ಕರೆಯದೆ ನಿಂತಿದ್ದೆನಲ್ಲ, ನೀನು ಕೈ ತೊಳೆಯೋಕೆ ಹೋದೆ, ಅವನು ಅಂಟಿನ ಡಬ್ಬ ಮುಚ್ಚಿಡೋಕೆ ಒಳಗೆ ಹೋದ, ಸೂಜಿ ಬೆಂಚಿನ ಮೇಲಿತ್ತು. ತೆಗೆದು ಕೊಡೆಯೊಳಗೆ ಇಳಿಬಿಟ್ಟೆ. ಎರಡು ದಿನ ಹುಡುಕಾಡಲಿ, ಕೆಲಸ ನಿಲ್ಲಲಿ ಅಂತ, ಅಷ್ಟೇ. ಇಡೀ ರೆಕ್ಕೆ ಕೊಯ್ಯುತ್ತಾರೆ ಅಂತ ನನಗೇನು ಗೊತ್ತು. ನಿನ್ನ ಕೈಯನ್ನು ನೀನೇ ನಂಬದ ಹಾಗೆ ಆಗುತ್ತೆ ಅಂತಂತೂ ನನ್ನ ಏಳನೇ ಕ್ಲಾಸಿನ ತಲೆಗೆ ಹೊಳೆಯಲೇ ಇಲ್ಲ. ನಿರುಪಮಾಗೆ ಹೇಳಿದೆ. ಅಪ್ಪ, ನಿನಗಿಂತ ಇಳಾ ವಾಸಿ ಅಂದಳು. ಡಾಕ್ಟರ ಟೆರ್ಮಿನ್ ರದ್ದು ಮಾಡಿ ನನ್ನ ಟ್ರೈನ್ ಟಿಕೆಟ್ ತೆಗೆಸಿದಳು.

ನಾಳೆ ಪ್ರೂಫರ್ ಎದುರಿಗೆ, ಓಟ್ಮಾರನ ಎದುರಿಗೆ ನಾನೇ ನಿಂತು ಜರ್ಮನ್‌ನಲ್ಲಿ ಹೇಳುತ್ತೀನಿ. ನೀನು ಪಕ್ಕದಲ್ಲಿರಬೇಕು ಅಂತಿಲ್ಲ.

ಕೊಡೆ ನಮ್ಮ ಬಾಗಿಲಿಗೆ ಒರಗಿಸಿದ್ದೀನಿ. ಲಾಂಗ್‌ಸಾಮ್ ಆಗಿ ಬಿಚ್ಚು, ಸೂಜಿ ಮೊನೆ ಕೆಳಗಿದೆ. ನಾನು ಬಸ್ ಸ್ಟಾಪಿನ ಬೆಂಚಿನ ಮೇಲಿದ್ದೀನಿ. ಮ್ಯೂನಿಕ್ ಮಳೆ ಇಲ್ಲಿಗೂ ಬಂದಿದೆ, ನನ್ನ ಹತ್ತಿರ ಕೊಡೆ ಇಲ್ಲ.