ಮನೆ ಮುರಿಯುವ ಮುನ್ನ ಒಂದು ಗಳಿಗೆ

ವಿಶ್ವವಿದ್ಯಾಲಯದ ಡಿಜಿಟಲ್ ಆಟಗಳ ಅಧ್ಯಯನ ವಿಭಾಗದ ಅಧ್ಯಕ್ಷರಿಗೆ, ಜಂಜಿಬಾರಿನ ಮಾಲಿಂದಿ ಓಣಿಯಿಂದ ಸಲಾಮು.

ಮಾನ್ಯರೇ,

ತಾವು ಹೇಗಿದ್ದೀರಿ? ಗೇಟು ಕಾಯುವ ಮಕಾಮೆ ಅಜ್ಜನ ಮೊಣಕಾಲು ನೋವು ಇಳಿಯಿತೇ? ಕಚೇರಿಯ ಕಾಝಿಜಾಳ ಮಗಳಿಗೆ ಹೆರಿಗೆ ಸುಸೂತ್ರವಾಯಿತೇ, ಬಾಣಂತಿ ಮಗು ಕ್ಷೇಮವೇ? ಪುಸ್ತಕ ಭಂಡಾರದ ಹಮೀದರ ಕಣ್ಣಿನ ಪೊರೆ ತೆಗೆದರೇ? ಜಗಳಕ್ಕೆ ಬಂದವರೂ ಮೊದಲು ಎಲ್ಲರ ಆರೋಗ್ಯ ಕೇಳಬೇಕೆಂಬುದು ನಮ್ಮಲ್ಲಿಯ ಪದ್ಧತಿ. ಕೇಳಿದೆ. ಇನ್ನು ಜಗಳ.

ನಿಮ್ಮ ವಿಭಾಗದಲ್ಲಿ ಪಾಠ ಹೇಳುವ ನಸ್ರಾ ನನ್ನ ತಮ್ಮನ ಮಗಳು. ಅವಳ ಕೆಲಸ ಕಾಯಂ ಮಾಡಬೇಕೆಂಬ ಅರ್ಜಿಯನ್ನು ನಿಮ್ಮ ಸಮಿತಿ ಹಿಂದಿರುಗಿಸಿದೆ. ಅವಳ ತಪ್ಪೇನು? ಆಟದ ಕಂಪನಿಯವರ ಜೊತೆ ಕೂತು ಒಂದು ಆಟ ಮಾಡಿದಳು. "ಆಟವು ಉತ್ಪನ್ನವೇ ಹೊರತು ಜ್ಞಾನವಲ್ಲ" ಎಂದು ತಾವು ಷರಾ ಬರೆದಿದ್ದೀರಿ. ಆ ಕಂಪನಿಯ ಸಹವಾಸ ಬಿಟ್ಟೆನೆಂದು ಅವಳು ಬರೆದುಕೊಟ್ಟರೆ ತಿಂಗಳ ಕೊನೆಯ ಸಭೆಯಲ್ಲಿ ಮತ್ತೆ ನೋಡುತ್ತೀರಂತೆ. ಕೊಡದಿದ್ದರೆ ಕೆಲಸ ಅಲ್ಲಿಗೆ ಮುಗಿಯಿತಂತೆ. ಆಟಗಳ ವಿಭಾಗದಲ್ಲಿ ಆಟ ಮಾಡಿದ್ದೇ ಅಪರಾಧ! ಬಟ್ಟೆ ಒದ್ದೆಯಾಯಿತೆಂದು ಈಜು ಕಲಿಸುವ ಗುರುಗಳೇ ಶಿಷ್ಯೆಯನ್ನು ಹೊರಗೆ ನಿಲ್ಲಿಸಿದ್ದನ್ನು ಸುತ್ತಲೂ ಸಮುದ್ರವಿರುವ ಈ ದ್ವೀಪದಲ್ಲಿ ಇದೇ ಮೊದಲು ಕೇಳುತ್ತಿದ್ದೇನೆ.

ನಾನು ಶಾಲೆ ಕಂಡವಳಲ್ಲ. ಸಕ್ಕರೆ ಕಟ್ಟಿ ಕೊಟ್ಟ ಪತ್ರಿಕೆಯ ಚೂರುಗಳಲ್ಲಿ ಅಕ್ಷರ ಕಲಿತೆ. ಪೆಂಬಾ, ಮೊಂಬಾಸಾ, ಮಸ್ಕತ್ತಿನ ನೆಂಟರಿಗೆ ಕಾಗದ ಬರೆದು ಬರೆದು ಕೈ ಕುದುರಿತು. ನಿಮ್ಮ ಶಾಸ್ತ್ರದಲ್ಲಿ ಹುಳುಕು ಹುಡುಕುವ ಯೋಗ್ಯತೆ ನನಗಿಲ್ಲ. ನನ್ನ ನಡುಮನೆಯಲ್ಲಿ ನಡೆದದ್ದನ್ನಷ್ಟೇ ಹೇಳುತ್ತೇನೆ.

ನಮ್ಮ ಮನೆಯ ಹೊರಗಿನ ಕಲ್ಲುಜಗಲಿಯ ಮೇಲೆ ಗಂಡಸರು ಸಂಜೆ ಬಾವೊ ಆಡುತ್ತಾರೆ. ಮರದ ಮಣೆ, ಸಾಲಾಗಿ ಗುಳಿಗಳು, ಗುಳಿಗಳಲ್ಲಿ ಕಾಯಿ. ಹೆಂಗಸರು ಕಿಟಕಿಯ ಈಚೆ. ಆಟ ನನಗೆ ಬರುವುದಿಲ್ಲ, ಅದರ ಗದ್ದಲ ಬಾಯಿಪಾಠ. ಇಬ್ಬರ ಕಡೆಯಲ್ಲೂ ಒಂದೊಂದು ಗುಳಿಗೆ 'ಮನೆ' ಎಂದು ಹೆಸರು. ಕಾಯಿ ಹಂಚುತ್ತ ಬಂದ ಕೈ ತನ್ನ ಮನೆಯಲ್ಲಿ ಬರಿದಾದರೆ ಆಡುವವನು ಅಲ್ಲಿಗೇ ನಿಲ್ಲಬಹುದು, ಇಲ್ಲವೇ ಮನೆ ಮುರಿದು ಅದರ ಕಾಯಿಗಳನ್ನೆಲ್ಲ ಬಾಚಿಕೊಂಡು ಮುಂದೆ ಹೋಗಬಹುದು. ಆಗ ಅವನು ಕೈ ತಡೆದು ಒಂದು ಗಳಿಗೆ ಕೂರುತ್ತಾನೆ. ಇಡೀ ಜಗಲಿ ಅವನ ಮೇಲೆ ಬೀಳುತ್ತದೆ.

"ಮುರೀಬೇಡ್ವೋ! ನಿಮ್ಮಪ್ಪನೂ ಹಿಂಗೇ ಮುರ್ದು ಮೂರು ದಿನ ಓಣಿಗೇ ಬರ್ಲಿಲ್ಲ!"

"ಮುರಿ, ಮುರಿ! ಅವನ ಮಾತೇನ್ ಕೇಳ್ತೀಯ, ಅವನು ಗೆದ್ದಿದ್ದು ಸುಲ್ತಾನರ ಕಾಲ್ದಲ್ಲಿ!"

"ಅಯ್ಯೋ, ಮುರ್ದೇಬಿಟ್ನಲ್ಲ ಮನೆಮುರುಕ!"

ನಸ್ರಾ ಪ್ರಬಂಧ ಬರೆದು ಡಾಕ್ಟರ್ ಆದದ್ದು ಈ ಗಳಿಗೆಯ ಮೇಲೆಯೇ. ಅಂದು ತಾವೇ ಎದ್ದು ನಿಂತು ಅವಳನ್ನು ಹೊಗಳಿದಿರಿ. ಪ್ರಬಂಧ ಕಪಾಟು ಸೇರಿತು. ಆಮೇಲೆ ಅದನ್ನು ಯಾರಾದರೂ ಕೆಳಗಿಳಿಸಿದರೇ? ಹಮೀದರನ್ನು ಕೇಳಿ ನೋಡಿ. ಅದೇ ಹೊತ್ತಿಗೆ ನಿಮ್ಮ ಗೇಟಿನ ಎದುರಿನ ಕಂಪನಿಯಲ್ಲಿ ಸಲ್ಮಿನ್ ಎಂಬ ತರುಣ ಬಾವೊವನ್ನು ಫೋನಿಗೆ ತರಲು ಹೆಣಗುತ್ತಿದ್ದ. ಅವನ ಆಟದಲ್ಲಿ ಕೈ ಮನೆಗೆ ಬಂದೊಡನೆ ಮನೆ ತಾನಾಗಿಯೇ ಮುರಿದುಕೊಳ್ಳುತ್ತಿತ್ತು. ಫೋನಿಗೆ ಕಾಯುವ ಪುರುಸೊತ್ತೆಲ್ಲಿ? ಆಡಿದವರು ಬೇಸತ್ತು ಬಿಟ್ಟರು. ಯಾಕೆಂದು ಅವನಿಗೆ ತಿಳಿಯಲಿಲ್ಲ. ತಿಳಿಸಬಹುದಾದದ್ದು ರಸ್ತೆಯಾಚೆ ಧೂಳು ತಿನ್ನುತ್ತಿತ್ತು.

ನಿಜವಾದ ಆಟ ನೋಡೋಣವೆಂದು ಅವನು ನಮ್ಮ ಜಗಲಿಗೆ ಬಂದು ತಲೆ ಮೇಲೆ ಕೈಹೊತ್ತು ಕೂತಿದ್ದ ಸಂಜೆ ನಸ್ರಾ ನನ್ನನ್ನು ನೋಡಲು ಬಂದಳು; ಡಾಕ್ಟರಮ್ಮ ಬಂದ್ರೆಂದು ಜಗಲಿಯವರು ದಾರಿ ಬಿಟ್ಟರು; ಅವಳು ಅವನ ಫೋನಿನೊಳಗೆ ಇಣುಕಿದಳು.

"ಇಲ್ಲಿ ಯಾಕಪ್ಪ ನಿಲ್ಸಿಲ್ಲ?"

"ನಿಲ್ಸಿದ್ರೆ ಆಟ ಕೆಟ್ಟೋಗಿದೆ ಅಂದ್ಕೋತಾರೆ ಡಾಕ್ಟರಮ್ಮ. ಪುಸ್ತಕದೋರಿಗೆ ಇದೆಲ್ಲ ಗೊತ್ತಾಗಲ್ಲ, ಬಿಡಿ."

"ಆ ನಿಲ್ಲೋದೇ ಆಟ ಕಣೋ! ಅದ್ರ ಮೇಲೆ ಒಂದು ಪುಸ್ತಕಾನೇ ಬರ್ದಿದೀನಿ."

"ಹೌದಾ? ಎಲ್ಲಿ ಸಿಗುತ್ತೆ?"

"ನಿಮ್ಮ ಆಫೀಸಿನ ಎದುರಿಗೇ."

"ಅಲ್ಲಿ ನಮ್ಮಂಥೋರನ್ನ ಒಳಗೇ ಬಿಡಲ್ವಲ್ಲ!"

ನಿಮ್ಮ ಗೇಟಿನಲ್ಲಿ ಗುರುತಿನ ಚೀಟಿ ಬೇಕು. ಅವರ ಗೇಟಿನಲ್ಲಿ, ಒಳಗೆ ಕಂಡದ್ದನ್ನು ಹೊರಗೆ ಆಡೆನೆಂದು ಸಹಿ ಬೇಕು. ನನ್ನ ಬಾಗಿಲಲ್ಲಿ ಚಪ್ಪಲಿ ಬಿಟ್ಟರೆ ಸಾಕು. ಹಾಗಾಗಿ ನಿಮ್ಮ ವಿದ್ಯೆ, ಅವರ ಕಸುಬು ಎರಡೂ ನನ್ನ ನಡುಮನೆಯ ಚಾಪೆಯ ಮೇಲೆ, ಎಣ್ಣೆಯಲ್ಲಿ ಕರಿದ ಮಂದಾಝಿ ತಿನ್ನುತ್ತ, ಶುಂಠಿ ಕಾಫಿ ಕುಡಿಯುತ್ತ ಭೇಟಿಯಾದವು. ಕಂಪನಿಯ ಧಣಿಗಳನ್ನು ನಾನು ಹೊಗಳಲು ಕೂತಿಲ್ಲ. ಆಟ ನಿಲ್ಲುವುದೇ ಆದರೆ ಅಲ್ಲೊಂದು ಸಾಬೂನಿನ ಜಾಹೀರಾತು ತುರುಕಿ ಎಂದರಂತೆ ಆ ಪುಣ್ಯಾತ್ಮರು! ಸಲ್ಮಿನ್ ನಸ್ರಾಳ ಪ್ರಬಂಧವನ್ನು ಮುಂದಿಟ್ಟುಕೊಂಡು ವಾದಿಸಿ ಅದನ್ನು ತಪ್ಪಿಸಿದ. ಕಪಾಟಿನ ಪುಸ್ತಕ ಬೀದಿಯಲ್ಲಿ ಕೆಲಸಕ್ಕೆ ಬಂದದ್ದು ಹೀಗೆ. ಈಗ ಅವರ ಆಟದಲ್ಲಿ ಕೈ ಮನೆಯ ಮೇಲೆ ನಿಲ್ಲುತ್ತದೆ; ಕೂಡಲೇ ಮುರಿಯುವುದೋ, ಕಾಯುವುದೋ ಆಡುವವನಿಗೆ ಬಿಟ್ಟದ್ದು. ನೋಡುತ್ತಿರುವ ಗೆಳೆಯರು ತಮ್ಮ ತಮ್ಮ ಫೋನಿನಿಂದ ಕೂಗಿ ಬೈಯಬಹುದು.

ಮುಂದಿನದನ್ನು ದಯವಿಟ್ಟು ನಿಧಾನವಾಗಿ ಓದಿ. ಆಡುವವನು ಲೆಕ್ಕ ಹಾಕಲು ನಿಲ್ಲುತ್ತಾನೆ ಎಂದು ನಸ್ರಾ ಪ್ರಬಂಧದಲ್ಲಿ ಬರೆದಿದ್ದಳು. ತಾವೂ ಒಪ್ಪಿದ್ದಿರಿ. ಜನ ಹೊಸ ಆಟವನ್ನು ಹೇಗೆ ಆಡುತ್ತಿದ್ದಾರೆಂದು ನೋಡುತ್ತಿದ್ದ ಸಲ್ಮಿನ್ ಒಂದು ದಿನ ಹೇಳಿದ: "ಡಾಕ್ಟರಮ್ಮ, ಒಬ್ಬನೇ ಆಡುವಾಗ ಯಾರೂ ನಿಲ್ತಾನೇ ಇಲ್ಲ. ನೋಡೋರಿದ್ರೆ ಮಾತ್ರ ನಿಲ್ತಾರೆ. ಬೆರಳು ಆಗ್ಲೇ ಮುರಿಯೋ ಕಡೆ ಹೋಗಿರುತ್ತೆ, ಆದ್ರೂ ಕಾಯ್ತಾರೆ."

"ಯಾತಕ್ಕೆ?"

"ಬೈಸ್ಕೊಳ್ಳೋಕೆ!"

ನಸ್ರಾ ಚಾಪೆಯ ಮೇಲೆ ಹೊರಳಾಡಿ ನಕ್ಕಳು. "ಅತ್ತೇ, ನನ್ನ ಪ್ರಬಂಧ ತಪ್ಪು!"

"ಅದಕ್ಕೆ ನಗ್ತೀಯೇನೇ ಹುಚ್ಚೀ?"

"ತಪ್ಪು ಸಿಕ್ತಲ್ಲ ಅತ್ತೆ, ಅದಕ್ಕೆ!"

ತೀರ್ಮಾನ ಮಾಡಿ ಆದವನೂ ನಾಲ್ಕು ಜನರ ಮಾತಿಗಾಗಿ ಕೈ ತಡೆದು ಕೂರುತ್ತಾನೆ. ಕೂಗು ಜೋರಾದರೆ ಕೆಲವರು ಮನಸ್ಸನ್ನೂ ಬದಲಿಸುತ್ತಾರೆ. ಇದು ಅವರಿಬ್ಬರಿಗೆ ಸಿಕ್ಕ ಹೊಸ ತಿಳಿವಳಿಕೆ. ಪ್ರಬಂಧವಿಲ್ಲದಿದ್ದರೆ ಈ ಪ್ರಶ್ನೆಯೇ ಹುಟ್ಟುತ್ತಿರಲಿಲ್ಲ, ಆಟ ಮಾಡದಿದ್ದರೆ ಪ್ರಬಂಧದ ತಪ್ಪು ಇನ್ನೂ ನೂರು ವರ್ಷ ಕಪಾಟಿನಲ್ಲಿ ಸುಖವಾಗಿ ಮಲಗಿರುತ್ತಿತ್ತು. ಇದು ಜ್ಞಾನವಲ್ಲದಿದ್ದರೆ, ಮಾನ್ಯರೇ, ಜ್ಞಾನ ಯಾವ ಅಂಗಡಿಯಲ್ಲಿ ಸಿಗುತ್ತದೆ? ತಪ್ಪೊಪ್ಪಿಕೊಂಡು ನಗುವವಳನ್ನು ಕಳೆದುಕೊಂಡು ನೀವು ಯಾರನ್ನು ಇಟ್ಟುಕೊಳ್ಳುತ್ತೀರಿ?

ನಿಮ್ಮ ಷರಾ ಬಂದ ಮೇಲೆ ನಸ್ರಾ ನಕ್ಕಿದ್ದನ್ನು ನಾನು ಕಂಡಿಲ್ಲ. ನಿನ್ನೆ ಸಲ್ಮಿನ್ ಬಂದವನು ಚಪ್ಪಲಿ ಬಿಡದೆ ಹೊಸ್ತಿಲಾಚೆಯೇ ನಿಂತ.

"ಒಳಗ್ ಬಾರೋ," ಎಂದೆ.

"ಬೇಡಜ್ಜಿ. ನಾನ್ ಬಂದ್ರೆ ಅವ್ರ ಕೆಲ್ಸ ಹೋಗುತ್ತೆ."

ಎಂದೂ ಯಾರನ್ನೂ ತಡೆಯದ ನನ್ನ ಬಾಗಿಲಿಗೆ ನೀವು ಅಷ್ಟು ದೂರದಿಂದಲೇ ಗೇಟು ಹಾಕಿಬಿಟ್ಟಿರಿ. ಒಳಗೆ ನಸ್ರಾ ಕೇಳುತ್ತಿದ್ದಾಳೆ: "ಅವ್ರು ಕೇಳಿದ್ದನ್ನ ಬರ್ದು ಸಹಿ ಹಾಕಿಬಿಡ್ಲಾ ಅತ್ತೆ?" ಹಾಕಬೇಡ ಎನ್ನಲು ನಾನು ಯಾರು? ಅವಳ ಅನ್ನ ಅದು. ಹಾಕು ಎನ್ನಲೂ ಬಾಯಿ ಬರುತ್ತಿಲ್ಲ.

ಆದ್ದರಿಂದ ನನ್ನ ಬೇಡಿಕೆ: ಆ ಷರತ್ತನ್ನು ಹಿಂದಕ್ಕೆ ತೆಗೆದುಕೊಳ್ಳಿ. ಸಭೆಗೆ ಮೊದಲು ಸಮಿತಿಯವರೆಲ್ಲ ನನ್ನ ಮನೆಗೆ ಬಂದು, ಚಪ್ಪಲಿ ಬಿಟ್ಟು, ಆ ಆಟವನ್ನು ಒಂದು ಸಲ ಆಡಿ. ಅದು ಏನು ಕಲಿಸಿತೆಂದು ಅವರಿಬ್ಬರ ಬಾಯಲ್ಲೇ ಕೇಳಿ. ಆಮೇಲೆ ಅದನ್ನು ನಸ್ರಾಳ ವಿದ್ಯೆಯ ಲೆಕ್ಕಕ್ಕೆ ಸೇರಿಸಿ.

ತಾವು ಮನಸ್ಸಿನಲ್ಲಿ ತೀರ್ಮಾನ ಮಾಡಿಯೇ ಇರಬಹುದು. ಆದರೆ ಸಭೆ ಇನ್ನೂ ಕೂತಿಲ್ಲ. ಕೈ ಮನೆಯ ಮೇಲೆ ನಿಂತಿದೆ. ನನಗೆ ಜಗಲಿಯಲ್ಲಿ ಎಂದೂ ಜಾಗವಿರಲಿಲ್ಲ, ಅದಕ್ಕೇ ಕಿಟಕಿಯಿಂದ ಕೂಗುತ್ತಿದ್ದೇನೆ: ಮುರೀಬೇಡಿ!

ಬೇಗ ಉತ್ತರ ಬರೆಯಿರಿ. ಈ ಪೆನ್ನು ನಸ್ರಾಳದು, ವಾಪಸು ಕೊಡು ಎನ್ನುತ್ತಿದ್ದಾಳೆ.

ಇಂತಿ,
'ತಾಳ್ಮೆ' ಎಂಬ ಅರ್ಥದ ಹೆಸರಿಟ್ಟುಕೊಂಡೂ ಅದು ತೀರುತ್ತ ಬಂದಿರುವ
ಮುದುಕಿ ಸುಬಿರಾ