ದೀಪ ಹಚ್ಚುವಾಗ ಬಂದ ಫೋನು

ಜಿಲ್ಲೆಯ ಮಾನಸಿಕ ಆರೋಗ್ಯ ನೋಡಿಕೊಳ್ಳುವ ಸಾಹೇಬರೇ,

ನಮ್ಮ ಚಿಮ್ಮನಚೋಡದಲ್ಲಿ ಯಾರಿಗೂ ಮನಸ್ಸಿನ ಬೇನೆ ಇಲ್ಲವೆಂದು ನಿಮ್ಮ ಮೊಬೈಲು ಕಂಡುಹಿಡಿದಿದೆಯಂತೆ. ಆ ಸಂತೋಷಕ್ಕೆ, ಗುರುವಾರಕ್ಕೊಮ್ಮೆ ನಮ್ಮ ಆಸ್ಪತ್ರೆಗೆ ಬರುತ್ತಿದ್ದ ಮನೋವೈದ್ಯರನ್ನು ನಿಲ್ಲಿಸಿದ್ದೀರಿ. ಗುಳಿಗೆಯಿಲ್ಲದೆ ಊರಿಗೂರನ್ನೇ ಗುಣಪಡಿಸಿದವರು ಈ 2009ರಲ್ಲಿ ನಿಮ್ಮನ್ನು ಬಿಟ್ಟು ಇನ್ಯಾರಿದ್ದಾರೆ?

ಮನೆಮನೆಯವರ ಮನಸ್ಸು ವಿಚಾರಿಸುವ ನಿಮ್ಮ ಫೋನು ಬಂದದ್ದು ಯಾವಾಗ, ಗೊತ್ತೇ? ಜನ ಹೊಲದಿಂದ ಮರಳಿರುತ್ತಾರೆಂದು ನೀವೇ ಗೊತ್ತುಮಾಡಿದ ಮುಸ್ಸಂಜೆಗೆ. ನಮ್ಮಲ್ಲಿ ದೇವರ ಮುಂದೆ ದೀಪ ಹಚ್ಚುವಾಗ ಕೆಟ್ಟ ಮಾತು ಆಡುವುದಿಲ್ಲ. ಆಡಿದರೆ ದೇವತೆಗಳು ‘ಅಸ್ತು’ ಎಂದುಬಿಡುತ್ತಾರೆಂಬ ಭಯ. ನನ್ನ ತಮ್ಮ ವಿಠ್ಠಲನ ಹೆಂಡತಿ ಧನಶ್ರೀ, ಹೆತ್ತ ಕೂಸು ತೀರಿಕೊಂಡ ಮೇಲೆ ಮಂಕಾಗಿದ್ದಳು. ಆ ವೈದ್ಯರ ಗುಳಿಗೆಯಿಂದ ಆಗಷ್ಟೇ ಎದ್ದು ಒಲೆಯ ಮುಂದೆ ಕೂಡುವಂತಾಗಿದ್ದಳು. ಮನೆಗೆಲ್ಲ ಒಂದೇ ಮೊಬೈಲು, ಅದನ್ನು ಹಿಡಿದು ಗಂಡ ಎದುರಿಗೆ, ಮಗ್ಗುಲಲ್ಲಿ ಅತ್ತೆ. ಅದರೊಳಗಿನ ಯಂತ್ರದ ಹೆಣ್ಣುದನಿ ಎಲ್ಲರ ಕಿವಿಗೂ ಬೀಳುವಂತೆ ಕೇಳಿತು: ಸತ್ತರೆ ಒಳಿತು ಎನಿಸುತ್ತದೆಯೇ? ಹೌದಾದರೆ ಒಂದು ಒತ್ತಿ, ಇಲ್ಲವಾದರೆ ಎರಡು. ಅವಳು ಎರಡು ಒತ್ತಿದಳು. ಊರಿನ ಹೆಂಗಸರೆಲ್ಲ ಅದನ್ನೇ ಒತ್ತಿದರು. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ ಎಂಬಂತೆ, ಖರ್ಚು ಉಳಿಯಲಿ ಎಂದಿದ್ದ ನಿಮಗೆ ಬೇಕಾದ ಉತ್ತರವೇ ಸಿಕ್ಕಿತು.

ಗುಳಿಗೆ ತೀರಿದವು. ಗುಲಬರ್ಗಾಕ್ಕಾದರೂ ಕರೆದೊಯ್ಯಿ ಎಂದರೆ, ಸರಕಾರದವರು ಕೇಳಿದಾಗ ಅವಳೇ ಆರಾಮ ಎಂದಿದ್ದಾಳಲ್ಲ ಎಂದ ತಮ್ಮ. ನನ್ನ ಮಾತಿಗಿಂತ ನಿಮ್ಮ ಯಂತ್ರದ ಮಾತು ಅವನಿಗೆ ದೊಡ್ಡದಾಯಿತು. ಹೋದ ತಿಂಗಳು ಧನಶ್ರೀ ಯಾರಿಗೂ ಹೇಳದೆ ಚಂದ್ರಂಪಳ್ಳಿ ಡ್ಯಾಮಿನ ದಾರಿ ಹಿಡಿದಿದ್ದಳು. ಪುಣ್ಯಕ್ಕೆ ನೆರೆಮನೆಯ ಲಾಲಮ್ಮ ಕಂಡು ಕೈಹಿಡಿದು ಮನೆಗೆ ಕರೆತಂದಳು. ಸುದ್ದಿ ಕೇಳಿ ನಾನು ಅವಳ ಬಳಿಗೆ ಓಡಿದೆ.

ಅವತ್ತು ಯಾಕೆ ಸುಳ್ಳು ಒತ್ತಿದೆ ಎಂದು ಕೇಳಿದೆ.

“ದೀಪದ ಮುಂದ ಸಾಯ್ತೀನಿ ಅಂತ ಹ್ಯಾಂಗ ಅನ್ಲಿರಿ ಅಕ್ಕಾರ? ಮನ್ಯಾಗ ಎಲ್ಲಾರೂ ಬಾಳೋರು ಅದಾರ,” ಎಂದಳು. “ಡಾಕ್ಟರು ಬಾಗಲಾ ಹಾಕಿ ಕೇಳ್ತಿದ್ರು,” ಎಂದೂ ಸೇರಿಸಿದಳು.

ಸಾಹೇಬರೇ, ಬಾಗಿಲು ಹಾಕಿ ಕೇಳುವ ಆ ವೈದ್ಯರು ಮುಂದಿನ ಗುರುವಾರವೇ ನಮಗೆ ಬೇಕು. ಆಗದೆಂದರೆ ನೀವೇ ಬನ್ನಿ. ಮುಸ್ಸಂಜೆಗೆ ನಮ್ಮ ಪಡಸಾಲೆಯಲ್ಲಿ ಕುಳಿತು, ಉರಿಯುವ ದೀಪದೆದುರು, ಧನಶ್ರೀಯ ಮುಖ ನೋಡುತ್ತ ನಿಮ್ಮ ಪ್ರಶ್ನೆಯನ್ನು ನಿಮ್ಮ ಬಾಯಿಂದಲೇ ಕೇಳಿ. ಹಾಗೆ ಕೇಳಲು ನಿಮ್ಮ ನಾಲಿಗೆ ಹೊರಳಿದರೆ, ಆ ಫೋನನ್ನೇ ಮುಂದುವರಿಸಿ.

ಇಂತಿ,
ನಿಮ್ಮ ಮೊಬೈಲಿನ ಪ್ರಕಾರ ಆರಾಮವಾಗಿರುವ ಮನೆಯ ಮಗಳು,
ಸೀತಾಬಾಯಿ