ಎರಡನೆಯ ಹಕ್ಕಿಯ ಕಣ್ಣು

ಫೆಬ್ರವರಿ 11, ಮಂಗಳವಾರ

ಅರಣ್ಯ ಇಲಾಖೆಗೆ ತಿದ್ದುಪಡಿ ಪತ್ರ ಬರೆಯಬೇಕು. ಮೂರು ವರ್ಷದ ತಪ್ಪು, ನನ್ನದೇ.

ಬೆಳಿಗ್ಗೆ ಅಕ್ಕ ಜೌಗಿನ ಕಾವಲುಗೋಪುರ ನೋಡಲು ಬಂದಳು. ದೂರದರ್ಶಕದಲ್ಲಿ ಕರಿಕತ್ತಿನ ಕೊಕ್ಕರೆಗಳ ಜೋಡಿಯನ್ನು ತೋರಿಸಿ, ಹೆಣ್ಣಿಗೆ ಹಳದಿ ಕಣ್ಣು, ಗಂಡಿಗೆ ಕಪ್ಪು ಎಂದು ಪಾಠ ಹೇಳಿದೆ. ಬಹಳ ಹೊತ್ತು ನೋಡಿದಳು.

"ಎರಡಕ್ಕೂ ಹಳದಿನೇ ಕಣೋ."

"ಸರಿಯಾಗಿ ನೋಡಕ್ಕ."

"ಮೂವತ್ತು ವರ್ಷ ರೋಗಿಗಳ ಕಣ್ಣಿಗೆ ಟಾರ್ಚ್ ಬಿಟ್ಟಿರೋ ನರ್ಸ್ ನಾನು. ನೀನೇ ನೋಡು."

ನೋಡಿದೆ. ಎರಡೂ ಹೆಣ್ಣು. ಮೊದಲ ವರ್ಷದ ಹಕ್ಕಿ ಗಣತಿಯಲ್ಲಿ ಒಂದರ ಕಣ್ಣು ನೋಡಿ ಹೆಣ್ಣೆಂದು ಬರೆದಿದ್ದೆ. ಪಕ್ಕದ್ದನ್ನು ನೋಡದೆಯೇ ಗಂಡೆಂದು ಬರೆದಿದ್ದೆ. ಆ ಜೋಡಿ ಗೂಡು ಕಟ್ಟಲಿ ಎಂದು ಇಲಾಖೆ ಜೊಂಡಿನ ಕಾಲುವೆಯಲ್ಲಿ ದೋಣಿ ಸಂಚಾರ ನಿಲ್ಲಿಸಿತ್ತು. ಆ ದಾರಿಯಲ್ಲೇ ಬಲೆ ಹಾಕಲು ಹೋಗುತ್ತಿದ್ದ ಒಬ್ಬ ಮೀನುಗಾರ ಅಂದಿನಿಂದ ದಿನಾ ಅರ್ಧ ಗಂಟೆ ಸುತ್ತಿಕೊಂಡು ಹೋಗುತ್ತಿದ್ದ.

ಸಂಜೆ ದಡದಲ್ಲಿ ಅವನಿಗೆ ವಿಷಯ ಹೇಳಿದೆ. ಬೈಸಿಕೊಳ್ಳಲು ಸಿದ್ಧನಾಗಿಯೇ ಹೋಗಿದ್ದೆ.

"ಅಂದ್ರೆ ಸಾರ್, ಮೂರು ವರ್ಷ ನಾನು ಸುತ್ತು ಹಾಕಿದ್ದು ಇಬ್ಬರು ಗೆಳತಿಯರ ಹರಟೆಗಾ?" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕ.

ಜೊತೆಗೆ ಬಂದಿದ್ದ ಅಕ್ಕನೂ ದನಿಗೂಡಿಸಿದಳು. "ಚಿಕ್ಕಂದಿನಿಂದ್ಲೂ ಇವನು ಹೀಗೇನಪ್ಪ. ಅರ್ಧ ನೋಡ್ತಾನೆ, ಪೂರ್ತಿ ಹೇಳ್ತಾನೆ."

ನಾಚಿಕೆಯಾಯಿತು. ಆದರೂ ಮನಸ್ಸು ಇಷ್ಟು ಹಗುರವಾಗಿ ಎಷ್ಟೋ ದಿನವಾಗಿತ್ತು. ಊಟ ಮಾಡುವಾಗಲೂ ನಗು ಬರುತ್ತಿತ್ತು. ಫೋನಿನಲ್ಲಿ ವಿಷಯ ಕೇಳಿ ಇಲಾಖೆಯ ಅಧಿಕಾರಿಯೂ ನಕ್ಕರು. ಪತ್ರ ಕಳಿಸಿ, ಕಾಲುವೆ ನಾಳೆಯೇ ತೆರೆಯಿರಿ ಎಂದರು.

ಪತ್ರದಲ್ಲಿ ಕಾರಣ ಬರೆದಾಯಿತು: 'ಒಂದೇ ಹಕ್ಕಿಯ ಕಣ್ಣು ನೋಡಿದ್ದೆ.' ಇನ್ನೇನು ಸೇರಿಸಬೇಕೋ ಹೊಳೆಯುತ್ತಿಲ್ಲ. ನಾಳೆಯಿಂದ ಮೀನುಗಾರ ಅರ್ಧ ಗಂಟೆ ಹೆಚ್ಚು ಮಲಗಬಹುದು. ನಾನೂ ಇನ್ನು ಮಲಗುತ್ತೇನೆ.